ಅರಗು ಹಾಕಿದ ಪ್ಲಗ್ಗು

"ನನ್ನ ಮಗ ಕೊಂದಾನೋ ಇಲ್ಲೋ, ಅಷ್ಟು ಹೇಳ್ರಿ ಸಾಕು," ಎಂದು ಕುಬ್ರಾ ಬೇಗಂ ಸೆರಗೊಡ್ಡಿ ಕೇಳಿದಾಗ ಸತ್ತಾರ್ ಸಾಬರು ಕೈಯಲ್ಲಿದ್ದ ರೇಡಿಯೋ ಕೆಳಗಿಟ್ಟರು. ಹೆತ್ತವಳು 'ನನ್ನ ಮಗ ಅಂಥವನಲ್ಲ' ಎನ್ನಬೇಕಲ್ಲವೇ? ಇಲ್ಲಿ ಹೆತ್ತವಳಿಗೇ ಸಂಶಯ!

ಅದು ೧೯೮೫ರ ಬೇಸಿಗೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಸತ್ತಾರ್ ಸಾಬರದೊಂದು ರೇಡಿಯೋ ರಿಪೇರಿ ಅಂಗಡಿ. ಅಲ್ಲಿನ ಮುರುಕು ಸ್ಟೂಲೇ ಅವರ ಗೆಳೆಯ ಗಡಿಗೆಪ್ಪನವರ ಕಚೇರಿ. ಮನೆಮನೆ ತಿರುಗಿ ರೇಡಿಯೋ ಲೈಸನ್ಸು ತಪಾಸಣೆ ಮಾಡಿ ನಿವೃತ್ತರಾದ ಗಡಿಗೆಪ್ಪನವರಿಗೆ ಸುಳ್ಳಿನ ಜಾಡು ಹಿಡಿಯುವ ಚಟ ಮಾತ್ರ ಬಿಟ್ಟಿರಲಿಲ್ಲ. ಎಲ್ಲೂ ಬಗೆಹರಿಯದ ಕಳವು, ಕೊಲೆಗಳು ಕಡೆಗೆ ಆ ಸ್ಟೂಲಿನ ಮುಂದೆ ಬಂದು ನಿಲ್ಲುತ್ತಿದ್ದವು.

ಕುಬ್ರಾ ಬೇಗಂ ಹೇಳಿದ್ದು ಇಷ್ಟು. ಮಗ ಜಿಲಾನಿ ಪಾಷಾ ಟಿವಿ, ವಿಸಿಆರ್ ಬಾಡಿಗೆಗೆ ಒಯ್ದು ಊರೂರಲ್ಲಿ ಸಿನಿಮಾ ತೋರಿಸುವವನು. ಸೋಮವಾರ ದೇವದುರ್ಗ ಮುಗಿಸಿ, ಮಂಗಳವಾರ ಮಾನ್ವಿಯ ಅಕ್ಕಿ ಗಿರಣಿ ಮಾಲಕ ವಿರೂಪಣ್ಣನವರ ಮನೆಗೆ, ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದ. ಆಂಪ್ಲಿಫೈಯರಿನ ಒಡೆದ ಪ್ಲಗ್ಗು ತೆಗೆದು ಹೊಸದು ಹಾಕಿದ, ವಿಸಿಆರಿನಿಂದ ಟಿವಿಗೆ ಚಿತ್ರದ ವೈರು ಕೊಟ್ಟ, ಆಂಪ್ಲಿಫೈಯರಿಗೆ ಧ್ವನಿಯ ವೈರು ಕೊಟ್ಟ, ಅಲ್ಲಿಂದ ಎರಡು ದೊಡ್ಡ ಸ್ಪೀಕರಿಗೆ ಎಳೆದ. ವಿರೂಪಣ್ಣನವರು ನಿತ್ಯ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಜೆಯಲ್ಲೇ ವಚನದ ಕ್ಯಾಸೆಟ್ ಹಚ್ಚುವವರು. ಒಮ್ಮೆ ದೊಡ್ಡ ಸ್ಪೀಕರಿನಲ್ಲಿ ಕೇಳಬೇಕೆಂದು ತಮ್ಮ ಟೇಪ್ ರೆಕಾರ್ಡರನ್ನೂ ಆಂಪ್ಲಿಫೈಯರಿಗೇ ಜೋಡಿಸಲು ಹೇಳಿದರು. ಜಿಲಾನಿ ಅದನ್ನೂ ಜೋಡಿಸಿಕೊಟ್ಟು, ಸಿನಿಮಾ ಮುಗಿದ ಮೇಲೆ ಅದೇ ಊರಿನ ಚಿಕ್ಕಮ್ಮನ ಮನೆಗೆ ಮಲಗಲು ಹೋದ. ಬುಧವಾರ ಬೆಳಿಗ್ಗೆ ಆಂಪ್ಲಿಫೈಯರಿನ ತಗಡು ಮುಟ್ಟಿ ವಿರೂಪಣ್ಣನವರು ನಿಂತಲ್ಲೇ ಸತ್ತರು. ಜಿಲಾನಿ ಲಾಕಪ್ ಸೇರಿದ.

"ಸಣ್ಣಾಂವ ಇದ್ದಾಗಿಂದ ಅವನಿಗೆ ಕೆಂಪು, ಹಸಿರು ಒಂದೇ ಥರ ಕಾಣ್ತಾವ್ರಿ," ಎಂದಳು ಆಕೆ. "ಹೊರಗ ಹೇಳಿದ್ರ ಕೆಲಸ ಯಾರು ಕೊಡ್ತಾರ? ನಾನೇ ವೈರು ತಪ್ಪಿ ಜೋಡಿಸಿ ಕೊಂದೀನಿ ಅಂತ ಅವನೇ ಅನ್ನಾಕತ್ತಾನ."

ಕರೆಂಟಿನ ತಂತಿ ಕೆಂಪು, ನೆಲಕ್ಕಿಳಿಸುವ ಅರ್ಥಿನದು ಹಸಿರು. ಪ್ಲಗ್ಗಿನಲ್ಲಿ ಅವೆರಡು ಅದಲುಬದಲಾದರೆ ಯಂತ್ರದ ಮೈಗೇ ಕರೆಂಟು. ಹುಡುಗನ ಕತೆ ಮುಗಿಯಿತು ಎಂದುಕೊಂಡರು ಸಾಬರು. ಗಡಿಗೆಪ್ಪನವರು ಮಾತ್ರ, ಬಣ್ಣ ಕಾಣದವನು ಇಷ್ಟು ವರ್ಷ ಹೇಗೆ ಜೋಡಿಸುತ್ತಿದ್ದ ಎಂದು ಕೇಳಿದರು. ತಂತಿಗಳಿಗೆ ನೂಲಿನ ಗಂಟು ಹಾಕಿರುತ್ತಾನೆ, ಕರೆಂಟಿಗೆ ಒಂದು, ಅರ್ಥಿಗೆ ಎರಡು ಎಂದಳು ತಾಯಿ.

ಇಬ್ಬರೂ ಮಾನ್ವಿ ಬಸ್ಸು ಹತ್ತಿದರು. ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಅಯ್ಯಪ್ಪ ಫಿರ್ಯಾದಿನ ಕಾಗದ ತೋರಿಸಿದರು. ಬರೆದವನು ಗಿರಣಿಯ ಮಿಸ್ತ್ರಿ ವೆಂಕಣ್ಣ. ಜಿಲಾನಿ ಬಣ್ಣ ತಿಳಿಯದೆ ಪ್ಲಗ್ಗಿನಲ್ಲಿ ಕೆಂಪು ತಂತಿಯ ಜಾಗಕ್ಕೆ ಹಸಿರು ಹಾಕಿದ್ದರಿಂದ ಧಣಿ ಸತ್ತರು ಎಂದಿತ್ತು ಅದರಲ್ಲಿ. ಪ್ಲಗ್ಗನ್ನು ಬಿಚ್ಚದೆ, ಸ್ಕ್ರೂ ಮೇಲೆ ಅರಗು ಹಾಕಿ ಮುದ್ರೆ ಒತ್ತಿ, ರಾಯಚೂರಿನಿಂದ ಬರಬೇಕಾದ ಕರೆಂಟಿನ ಸಾಹೇಬರಿಗಾಗಿ ಕಾದಿಟ್ಟಿದ್ದರು.

ಕಂಬಿಯ ಹಿಂದೆ ಜಿಲಾನಿ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದ. "ಗಂಟು ನೋಡಿ ಹಾಕಿದ್ನೋ ಇಲ್ಲೋ, ನೆನಪಾಗವಲ್ದು ಸಾಬ್," ಎಂದ. ಸತ್ತಾರ್ ಸಾಬರಿಗೆ ಅವನ ಮುಖ ನೋಡಲಾಗಲಿಲ್ಲ. ಜೈಲಿಗಿಂತ ಈ ಅನುಮಾನವೇ ಹುಡುಗನನ್ನು ತಿಂದುಹಾಕುತ್ತದೆ ಎನಿಸಿತು.

ಮರುದಿನ ವಿರೂಪಣ್ಣನವರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅಯ್ಯಪ್ಪನವರು ಕೋಳ ತೊಡಿಸಿದ ಜಿಲಾನಿಯನ್ನು ಕರೆತಂದಿದ್ದರು. ಕುಬ್ರಾ ಬೇಗಂ ಹೊಸ್ತಿಲ ಹೊರಗೇ ನಿಂತಳು. ಗಡಿಗೆಪ್ಪನವರು ಮೊದಲು ಸತ್ತವರ ಹೆಂಡತಿ ಬಸವಂತಮ್ಮನನ್ನು, ಮಂಗಳವಾರ ಸಿನಿಮಾದ ಆವಾಜು ಬಂದಿತ್ತೇ ಎಂದು ಕೇಳಿದರು. ಆವತ್ತು ತೋರಿಸಿದ ಮೂರೂ ಸಿನಿಮಾ ಇಡೀ ಓಣಿಗೇ ಕೇಳಿಸಿತು ಎಂದರು ಆಕೆ. ಕಡೆಗೆ ಎಲ್ಲ ಬಂದ್ ಮಾಡಿ ಸಾಮಾನು ಕಾಯಲು ಪಡಸಾಲೆಯಲ್ಲಿ ಒಬ್ಬನೇ ಮಲಗಿದವನು ವೆಂಕಣ್ಣ ಎಂದೂ ಹೇಳಿದರು.

ರಾಯಚೂರಿನಿಂದ ಬಂದಿದ್ದ ಕರೆಂಟಿನ ಸಾಹೇಬರ ಎದುರು ಅಯ್ಯಪ್ಪನವರು ಅರಗು ಒಡೆದು ಪ್ಲಗ್ಗು ಬಿಚ್ಚಿದರು. ಎರಡು ಗಂಟಿನ ಹಸಿರು ತಂತಿ ಕರೆಂಟಿನ ಕಡ್ಡಿಗೆ, ಒಂದು ಗಂಟಿನ ಕೆಂಪು ತಂತಿ ಅರ್ಥಿನ ದಪ್ಪ ಕಡ್ಡಿಗೆ ಸೇರಿದ್ದವು. ಹೊಸ್ತಿಲಾಚೆ ಕುಬ್ರಾ ಬೇಗಂ ಕುಸಿದು ಕೂತಳು.

"ನಾ ಬರದಿದ್ದೂ ಅದನ ಅಲ್ರಿ?" ಎಂದ ವೆಂಕಣ್ಣ.

ಗಡಿಗೆಪ್ಪನವರು ಸಾಬರಿಗೆ ಸನ್ನೆ ಮಾಡಿದರು. ಸಾಬರು ಅಂಗಡಿಯಿಂದ ತಂದ ಹಳೆಯ ಆಂಪ್ಲಿಫೈಯರನ್ನು ಮರದ ಹಲಗೆಯ ಮೇಲಿಟ್ಟು, ತಂತಿಗಳನ್ನು ಹಾಗೇ ಅದಲುಬದಲು ಜೋಡಿಸಿ, ಎಲ್ಲರನ್ನೂ ದೂರ ಸರಿಸಿ ಸ್ವಿಚ್ ಒತ್ತಿದರು. ದೀಪ ಹತ್ತಲಿಲ್ಲ, ಸ್ಪೀಕರು ಗುಂಯ್ ಎನ್ನಲಿಲ್ಲ.

"ಹಿಂಗ ಜೋಡಿಸಿದ್ರ ಮೈಗೆ ಕರೆಂಟ್ ಬರ್ತದ, ಯಂತ್ರ ನಡೆಯೂದಿಲ್ಲ," ಎಂದರು ಗಡಿಗೆಪ್ಪನವರು. ಮಂಗಳವಾರ ಓಣಿಗೆಲ್ಲ ಆವಾಜು ಕೇಳಿಸಿತೆಂದರೆ ಆಗ ಜಿಲಾನಿಯ ಜೋಡಣೆ ಸರಿಯಾಗೇ ಇತ್ತು. ಸಿನಿಮಾ ಮುಗಿದ ಮೇಲೆ ಯಾರೋ ಬದಲಿಸಿದ್ದಾರೆ. ಬೆಳಿಗ್ಗೆ ವಚನ ಕೇಳಿಸಲಿಲ್ಲ, ಏನಾಯಿತೆಂದು ವಿರೂಪಣ್ಣನವರು ಒದ್ದೆ ಮೈಯಲ್ಲಿ ತಗಡು ಅಲುಗಿಸಿದರು. ಇಷ್ಟನ್ನು ಬಿಡಿಸಿ ಹೇಳಿ ಅವರು ಫಿರ್ಯಾದಿನ ಕಾಗದ ಎತ್ತಿ ಹಿಡಿದರು.

"ಪ್ಲಗ್ ಬಿಚ್ಚಿದ್ದು ಈಗ. ನೀ ಬರದಿದ್ದು ಮೂರು ದಿನದ ಹಿಂದ. ಮುಚ್ಚಿದ ಪ್ಲಗ್ಗಿನೊಳಗಿನ ಬಣ್ಣ ನಿನಗ ಹೆಂಗ ಕಂಡ್ತೋ ವೆಂಕಣ್ಣ?"

ವೆಂಕಣ್ಣ ಬಸವಂತಮ್ಮನ ಕಡೆ ತಿರುಗಿದ. "ನನ್ನ ತಮ್ಮನ ಕೈ ಗಿರಣಿ ಬೆಲ್ಟಿನ ಪಟ್ಟಾಕ ಸಿಕ್ಕಾಗ ಗಿರಣಿ ನಿಲ್ಲಸ್ರೀ ಅಂತ ಕಾಲು ಹಿಡದಿದ್ದೆ," ಎಂದ. "ಹಾಕಿದ ಭತ್ತ ಮುಗೀಲಿ ಅಂದ್ರು. ತಮ್ಮ ಉಳೀಲಿಲ್ಲ." ಬಸವಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಸುಳ್ಳು ಎಂದು ಆಕೆಯೂ ಅನ್ನಲಿಲ್ಲ.

"ನಿಮ್ಮ ಮಗ ಕೊಂದಿಲ್ಲವ್ವಾ," ಎಂದು ಗಡಿಗೆಪ್ಪನವರು ಹೊಸ್ತಿಲ ಕಡೆ ತಿರುಗಿ ಹೇಳಿದರು. ಕುಬ್ರಾ ಬೇಗಂ ಓಡಿಬಂದು ಮಗನನ್ನು ತಬ್ಬಿ ಅತ್ತಳು.

ಅಯ್ಯಪ್ಪನವರು ಕೋಳ ಬಿಚ್ಚಿದರು. ಖುಷಿಪಡುತ್ತಾನೆ ಎಂದು ಸತ್ತಾರ್ ಸಾಬರು ನೋಡುತ್ತಿದ್ದರೆ ಜಿಲಾನಿ ವೆಂಕಣ್ಣನನ್ನೇ ನೋಡುತ್ತಿದ್ದ.

"ಇವನ ತಮ್ಮ ಸತ್ತ ದಿನ ಇವ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ಅತ್ತಿದ್ದ ಸಾಬ್," ಎಂದ ಅವನು. "ಆವತ್ತ ನಾನೂ ನನ್ನ ಕಣ್ಣಿನ ಮಾತು ಹೇಳಿದ್ದೆ. ಅಮ್ಮೀ ಬಿಟ್ರ ಇವನಿಗೊಬ್ಬನಿಗೇ."