ಎಲ್ದಿಯಾರ್‌ನ ಸೇಮ್

"ಮೈ ಫಾದರ್ ಈಸ್ ಎ ಡ್ರೈವರ್," ಎಂದು ಒಂದೇ ಉಸಿರಿಗೆ ಹೇಳಿ ಸೈಕಾಲ್ ಕೂತಳು.

ಪಕ್ಕದ ಹುಡುಗ ಎದ್ದ. "ಸೇಮ್," ಎಂದ. ಕೂತ.

ಇಂಗ್ಲಿಷ್ ಟೀಚರ್ ನಜೀರಾ ಎಜೆ, ಅಂದರೆ ಕಿರ್ಗಿಜ್ ಮಕ್ಕಳ ಬಾಯಲ್ಲಿ ನಜೀರಾ ಅಕ್ಕ, ಕಣ್ಣು ಕಣ್ಣು ಬಿಟ್ಟರು. ಎರಡು ಪೆನ್ಸಿಲ್ ಎತ್ತಿ ಹಿಡಿದು ಆ ಪದವನ್ನು ಅವರು ಕಲಿಸಿದ್ದು ನಿನ್ನೆಯಷ್ಟೇ. ಅದಕ್ಕೆ ಇಂಥ ಉಪಯೋಗವೂ ಇದೆ ಅಂತ ಅವರಿಗೇ ಹೊಳೆದಿರಲಿಲ್ಲ.

ಮುಂದಿನವಳೂ "ಸೇಮ್" ಎಂದಳು. ಅವಳ ಹಿಂದಿನವನೂ "ಸೇಮ್."

ನರೀನ್ ಪಟ್ಟಣದಿಂದ ಬಂದಿದ್ದ ಇನ್‌ಸ್ಪೆಕ್ಟರ್ ಎಜೆ ಬರೆದುಕೊಳ್ಳುತ್ತಿದ್ದರು. "ಊರಲ್ಲಿ ಇಷ್ಟೊಂದು ಡ್ರೈವರ್‌ಗಳಾ? ಮತ್ತೆ ನನ್ನ ಬಸ್ ಯಾಕೆ ಎರಡು ಗಂಟೆ ಲೇಟು?" ಎಂದರು. ಅವರು ನಗಲಿಲ್ಲ.

ಈಗ ಬುರುಲ್ಚಾಳ ಸರದಿ. ಅವಳು ನಿರಾಳವಾಗಿದ್ದಳು. ಒಂದೇ ಪದ, ಮುಗಿದುಹೋಯಿತು.

"ಸೇ..."

"ಸೇಮ್ ಸಾಕು. ನಿಮ್ಮಪ್ಪ ಏನು ಮಾಡ್ತಾರೆ, ಹೇಳಮ್ಮ," ಎಂದರು ಇನ್‌ಸ್ಪೆಕ್ಟರ್ ಎಜೆ.

ಬುರುಲ್ಚಾ ಓರೆಗಣ್ಣಲ್ಲಿ ಹಿಂದೆ ನೋಡಿದಳು. ಹಿಂದಿನ ಬೆಂಚಲ್ಲಿ ಎಲ್ದಿಯಾರ್ ಇದ್ದ. ಹೋದ ವರ್ಷ ಅಜ್ಜಿ ಮನೆಗೆ ಬಂದು ಈ ಶಾಲೆ ಸೇರಿದವನು. ಅವಳ ಅಪ್ಪ ಬೀದಿ ಗುಡಿಸುವವರೆಂದು ಅವಳನ್ನು 'ಪೊರಕೆ' ಅಂತಲೇ ಕರೆಯುತ್ತಿದ್ದ. ಅವನ ಅಪ್ಪ ಪೈಲಟ್. ಹಾಗಂತ ಅವನೇ ಹೇಳಿದ್ದ.

"ಮೈ ಫಾದರ್... ಮಾಸ್ಕೋ. ಸ್ನೋ." ಮುಂದೆ ಪದ ಬರಲಿಲ್ಲ. ಸಲಿಕೆ ಹಿಡಿದು ಹಿಮ ಬಾಚುವಂತೆ ಕೈಯಾಡಿಸಿ ತೋರಿಸಿದಳು. "ಟೂ ಇಯರ್ಸ್, ನೋ ಹೋಮ್."

ಯಾರೋ ಕಿಸಕ್ಕೆಂದರು. ಬುರುಲ್ಚಾ ತಲೆ ತಗ್ಗಿಸಿ ಕಾದಳು. ಇನ್ನೇನು, ಪೊರಕೆ ಅನ್ನುತ್ತಾನೆ.

ಹಿಂದಿನ ಬೆಂಚು ಕಿರ್ರೆಂದಿತು.

"ಸೇಮ್," ಎಂದ ಎಲ್ದಿಯಾರ್.

"ಸೇಮ್ ಸಾಕು ಅಂದೆನಲ್ಲೋ!" ಎಂದರು ಇನ್‌ಸ್ಪೆಕ್ಟರ್ ಎಜೆ.

ಎಲ್ದಿಯಾರ್ ಕೂರಲಿಲ್ಲ. "ಇಲ್ಲ ಎಜೆ. ನನ್ನದು ನಿಜವಾಗ್ಲೂ ಸೇಮ್."

ಸೈಕಾಲ್ ತಿರುಗಿದಳು. "ಏ, ಪೈಲಟ್ ಅಂದಿದ್ದೆ?"

ಅವನು ಬೆಂಚನ್ನೇ ನೋಡುತ್ತ ನಿಂತ. ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರ್ ಎಜೆ ಪೆನ್ನಿನ ಕ್ಯಾಪ್ ಹಾಕಿ, "ಕೂತ್ಕೊಳ್ಳಪ್ಪ," ಎಂದರು.

ಶಾಲೆ ಬಿಟ್ಟಾಗ ಎಲ್ದಿಯಾರ್ ಕಲ್ಲು ಒದೆಯುತ್ತ ಒಬ್ಬನೇ ಹೋಗುತ್ತಿದ್ದ. ದಿನವೂ ಅವನು ಮರೆಯಾಗಲಿ ಅಂತ ಗೇಟಲ್ಲೇ ಕಾಯುವ ಬುರುಲ್ಚಾ ಇವತ್ತು ಓಡಿ ಹೋಗಿ ಜೊತೆಗೂಡಿದಳು.

"ನಿಮ್ಮಪ್ಪ ಫೋನಲ್ಲಿ ಏನು ಮಾತಾಡ್ತಾರೆ?"

"ಚೆನ್ನಾಗಿ ಓದ್ತಿದೀಯಾ ಅಂತಾರೆ. ನಾನು ಹೂಂ ಅಂತೀನಿ. ಆಮೇಲೆ ಸುಮ್ಮನಾಗ್ಬಿಡ್ತಾರೆ. ಫೋನ್ ಮಾತ್ರ ಇಡಲ್ಲ."

ಆ ಸುಮ್ಮನಿರುವುದು ಎಷ್ಟು ಹೊತ್ತಿನದು ಅಂತ ಬುರುಲ್ಚಾಳಿಗೆ ಗೊತ್ತಿತ್ತು. ತನ್ನ ಮನೆಯ ತಿರುವು ಬಂದರೂ ತಿರುಗದೆ, ಅವನ ಅಜ್ಜಿ ಮನೆಯವರೆಗೂ ಜೊತೆಯಲ್ಲೇ ನಡೆದಳು.