ಬೀಗದೊಳಗಿನ ಮೊಟ್ಟೆಗಳು

ಬಾಣಲೆಯಲ್ಲಿ ಮೊಟ್ಟೆಯ ಚಿಪ್ಪು ಹುರಿಯುತ್ತಿದ್ದ ಹೊತ್ತಿಗೇ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಾತಿಲ್ಲ.

ಮನೆಯಲ್ಲಿ ಅವಳಿಗೆ ಚಿನಕುರಳಿ ಎಂದೇ ಹೆಸರು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲದ ಹುಡುಗಿ. ಅಂಥವಳು ಹಕ್ಕಿಗಳ ಕಾಳಿನ ಬಟ್ಟಲು ಹಿಡಿದುಕೊಂಡು ತೆಪ್ಪಗೆ ನಿಂತದ್ದನ್ನು ಕಂಡು ತಾಯಿ ಒಲೆಯಿಂದ ಇತ್ತ ತಿರುಗಿದಳು.

"ಮತ್ತೆ ಹೋಯ್ತಾ?"

ಹುಡುಗಿ ತಲೆಯಾಡಿಸಿದಳು.

ತಾಯಿ ಒಲೆ ಆರಿಸಿದಳು. ಹಕ್ಕಿಗಳಿಗೆ ಚಿಪ್ಪು ಹಾಕುವುದೆಂದರೆ ಅವಳಿಗೆ ಮಗುವಿಗೆ ಔಷಧಿ ಕುಡಿಸಿದಷ್ಟೇ ಜೋಪಾನದ ಕೆಲಸ. ಚಿಪ್ಪು ತೊಳೆದು, ಕುದಿಸಿ, ಒಳಗಿನ ತೆಳು ಪೊರೆ ಸುಲಿದು, ಹುರಿದು, ಮರಳಿನಷ್ಟು ಸಣ್ಣಗೆ ಕುಟ್ಟಿ ಬಾಟಲಿಗೆ ತುಂಬಿಡಬೇಕು. ನಡುವೆ ಎದ್ದು ಹೋದವಳೇ ಅಲ್ಲ. ಇವತ್ತು ಎಲ್ಲವನ್ನೂ ಅಲ್ಲಿಗೇ ಬಿಟ್ಟು ಹಿತ್ತಿಲ ಜಗಲಿಗೆ ಓಡಿದಳು.

ಜಗಲಿಯ ಒಂದು ಪಕ್ಕಕ್ಕೆ ನೆಲದಿಂದ ಸೂರಿನವರೆಗೆ ಬಲೆ ಹೊಡೆದು ಮಾಡಿದ ಹಕ್ಕಿಮನೆ. ಒಳಗೆ ಗುಬ್ಬಿಗಿಂತ ಚಿಕ್ಕ, ಕೆಂಪು ಕೊಕ್ಕಿನ ಫಿಂಚ್ ಹಕ್ಕಿಗಳು. ಮೂಲೆಯಲ್ಲಿ ನೇತುಹಾಕಿದ ಬುಟ್ಟಿಯಲ್ಲಿ ನಿನ್ನೆ ಸಂಜೆ ಬೆರಳ ತುದಿಯಷ್ಟು ಬಿಳಿಯ ಮೊಟ್ಟೆಗಳಿದ್ದವು. ಈಗ ಬುಟ್ಟಿ ಬರಿದು. ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು.

ಇದು ಮೂರನೆಯ ಸಲ. ಮೊದಲ ಸಲ ಮೊಟ್ಟೆ ಮಾಯವಾದಾಗ ತಾಯಿ ಊರಲ್ಲಿರಲಿಲ್ಲ. ಆಪರೇಷನ್ ಆದ ತಂಗಿಯ ಆರೈಕೆಗೆ ಹೋಗಿದ್ದಳು. ಆಗ ಅಪವಾದ ಪಕ್ಕದ ಮನೆಯ ಬೆಕ್ಕಿನ ತಲೆಗೆ ಬಂತು. ಅವಳು ಹಿಂತಿರುಗುವಷ್ಟರಲ್ಲಿ ಇನ್ನೊಂದು ಗೂಡೂ ಬರಿದಾಗಿತ್ತು. ಗಂಡ ಸಿಟ್ಟಿನಿಂದ ಹೊಸ ಬೀಗ ತಂದು ಜಡಿದ. ಬೀಗಕ್ಕೆ ಎರಡೇ ಕೀ. ಒಂದು ಅವನ ಜೇಬಿನಲ್ಲಿ. ಇನ್ನೊಂದು ಅವನ ತಮ್ಮನ ಹತ್ತಿರ. ತಮ್ಮ ಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿ ಮುಗಿಸಿ ನಸುಕಿಗೆ ಮನೆಗೆ ಬರುವವನು. ಬಂದ ಕೂಡಲೇ ಹಕ್ಕಿಗಳ ನೀರು ಬದಲಿಸಿ ಮಲಗುವುದು ಅವನ ಪಾಲಿನ ಕೆಲಸ.

ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲೂ ಲೆಕ್ಕ ಬಿಡಿಸಿದಂತೆಯೇ ಮಾತಾಡುವವನು. ಬಂದವನೇ ಬಲೆ ಎಳೆದು ನೋಡಿದ. ಬೀಗ ಜಗ್ಗಿ ನೋಡಿದ. ಆಮೇಲೆ ತಮ್ಮನ ಕೋಣೆಯ ಬಾಗಿಲು ಬಡಿದ.

ಚಿಕ್ಕಪ್ಪ ಕಣ್ಣುಜ್ಜಿಕೊಂಡು ಬಂದ. ಬೆರಳುಗಳಲ್ಲಿ ಇನ್ನೂ ಮಸಿ.

"ಬಲೆ ಹರಿದಿಲ್ಲ. ಬೀಗ ಒಡೆದಿಲ್ಲ. ಕೀ ನಿನ್ನ ಹತ್ರ ಇದೆ. ಇನ್ನೇನು ಉಳೀತು, ನೀನೇ ಹೇಳು."

"ಅಣ್ಣ, ನಾನ್ಯಾಕೆ ಕದೀಲಿ?"

"ಈ ಹಕ್ಕಿ ಸಂಸಾರ ಇನ್ನೂ ಬೆಳೆದ್ರೆ ನಾನು ನಿದ್ದೆಗೆ ಸ್ಮಶಾನ ಹುಡುಕ್ಕೊಬೇಕು ಅಂದಿದ್ದು ಯಾರು?"

"ತಮಾಷೆಗೆ ಅಂದಿದ್ದು."

"ಹೋದ ಸಲ ಮೊಟ್ಟೆ ಹೋದಾಗ ಮಗು ಅತ್ತಿದ್ದೂ ತಮಾಷೆನಾ?"

ಚಿಕ್ಕಪ್ಪ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ. ನಂಬಿಕೆ ಇಲ್ಲದ ಮನೆಯಲ್ಲಿ ಕೀ ಇಟ್ಟುಕೊಂಡು ಏನು ಮಾಡಲಿ, ಸ್ನೇಹಿತನ ಕೋಣೆಗೆ ಹೋಗುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಒಳಗೆ ಹೋದ. ಬಾಗಿಲು ಮುಚ್ಚಿತು. ಒಳಗೆ ಬೀರು ತೆರೆದ ಸದ್ದು. ಸೂಟ್‌ಕೇಸ್ ನೆಲಕ್ಕೆಳೆದ ಸದ್ದು.

ಚಿನಕುರಳಿ ಏನೋ ಕೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು.

ತಾಯಿ ಗಂಡನೊಡನೆ ವಾದಕ್ಕಿಳಿಯಲಿಲ್ಲ. ಮುಚ್ಚಿದ ಬಾಗಿಲ ಹತ್ತಿರ ಹೋಗಿ, ತಾನು ಹಕ್ಕಿಮನೆ ಗುಡಿಸಿ ಬರುವವರೆಗೆ ಯಾರೂ ಹೊಸ್ತಿಲು ದಾಟಕೂಡದು, ದಾಟಿದರೆ ತಿಂಡಿ ಇಲ್ಲ ಎಂದಷ್ಟೇ ಹೇಳಿದಳು. ಒಳಗಿನ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಮೇಜಿನ ಮೇಲಿನ ಕೀ ಎತ್ತಿಕೊಂಡು ಬೀಗ ತೆಗೆದು, ಮಗಳನ್ನು ಕರೆದುಕೊಂಡು ಅವಳು ಬಲೆಯೊಳಗೆ ಹೋದಳು. ಬರಿದಾದ ಬುಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿ ಬೆಳಕಿಗೆ ಹಿಡಿದಳು. ಹುಲ್ಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದಳು. ಒಣಗಿದ ಹಳದಿ. ಅದರ ನಡುವೆ ಸಾಸಿವೆಗಿಂತ ಚಿಕ್ಕದೊಂದು ಬಿಳಿಯ ಚೂರು.

ಕದ್ದವನು ಮೊಟ್ಟೆ ಎತ್ತಿಕೊಂಡು ಹೋಗುತ್ತಾನೆ. ಗೂಡಿನಲ್ಲೇ ಕೂತು ತಿನ್ನುತ್ತಾನೆಯೇ?

ಹಾಗಾದರೆ ಇಲಿ? ಬಲೆ ನೆಲಕ್ಕೆ ಸೇರುವ ಕಡೆಯೆಲ್ಲ ಕೈಯಾಡಿಸಿದಳು. ಬೆರಳು ತೂರುವ ಸಂದಿಯೂ ಇಲ್ಲ. ಹಿಕ್ಕೆಯಿಲ್ಲ. ಇಲಿಯೋ ಬೆಕ್ಕೋ ನುಗ್ಗಿದ್ದರೆ ಹಕ್ಕಿಗಳು ಗಾಬರಿಬಿದ್ದು ಬಲೆಗೆ ಬಡಿದುಕೊಂಡು ಗರಿ ಉದುರಿಸುತ್ತಿದ್ದವು. ನೆಲದಲ್ಲಿ ಒಂದು ಗರಿಯೂ ಇಲ್ಲ. ರಾತ್ರಿ ಗಲಾಟೆ ಏನಾದರೂ ಕೇಳಿಸಿತೇ ಎಂದು ಮಗಳನ್ನು ವಿಚಾರಿಸಿದಳು. ಇಲ್ಲ. ಒಳಗಿದ್ದವರು ಯಾರಿಗೂ ಹೆದರಿಲ್ಲ.

ಆಗ ಅವಳ ಕಣ್ಣು ಮೇಲಿನ ಕೊಂಬೆಗೆ ಹೋಯಿತು. ಆ ಗೂಡಿನ ಗಂಡು ಹಕ್ಕಿ ಕೊಕ್ಕನ್ನು ಕೊಂಬೆಗೆ ತಿಕ್ಕುತ್ತ ಕೂತಿತ್ತು. ಗಲ್ಲದ ಗರಿಗಳು ಮುದ್ದೆಯಾಗಿ ಅಂಟಿಕೊಂಡಿದ್ದವು.

ಕಳ್ಳ ಸಿಕ್ಕಿದ್ದ. ಆದರೆ ನಿನ್ನೆ ಮೊನ್ನೆಯವರೆಗೆ ಸರದಿಯ ಮೇಲೆ ಕಾವು ಕೂರುತ್ತಿದ್ದ ಹಕ್ಕಿಗೆ ಈ ಕಳ್ಳತನ ಕಲಿಸಿದವರು ಯಾರು?

ಪೊರಕೆ ಹಿಡಿದು ಮೂಲೆಯ ಹುಲ್ಲಿನ ಕುಂಡ ಸರಿಸಿದಳು. ಅದರ ಹಿಂದೆ, ಮರಳಿನಲ್ಲಿ ಅರ್ಧ ಹೂತುಕೊಂಡು, ಕೋಳಿಮೊಟ್ಟೆಯ ಚಿಪ್ಪು. ಚೂರಲ್ಲ — ಪುಟ್ಟ ಬಟ್ಟಲಿನಂಥ ಸರಿಯರ್ಧ ಚಿಪ್ಪು. ಒಳಗಿನ ಪೊರೆ ಹಾಗೆಯೇ ಇತ್ತು. ಪೊರೆಯ ಮೇಲೆ ಹಳದಿ ಒಣಗಿ ಹಿಡಿದುಕೊಂಡಿತ್ತು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಕೊಕ್ಕಿನ ಗುರುತು.

ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೈದುನನ ಬಾಗಿಲಿಗೆ ಹೋದಳು.

"ನಾನು ಊರಲ್ಲಿ ಇಲ್ದಾಗ ಹಕ್ಕಿಗೆ ಚಿಪ್ಪು ಹಾಕಿದ್ಯಾ?"

"ನೀರು, ಕಾಳು ಅಷ್ಟೇ ಅತ್ತಿಗೆ. ಚಿಪ್ಪಿನ ಪುಡಿ ಬಾಟಲೀಲಿ ಮುಗಿದುಹೋಗಿತ್ತು. ಅಣ್ಣನಿಗೆ ಹೇಳಿದ್ದೆ." ಸ್ವಲ್ಪ ತಡೆದು, "ಇನ್ನು ಅದನ್ನೆಲ್ಲ ಯಾಕೆ ಕೇಳ್ತೀರಿ, ಬಿಡಿ" ಎಂದ.

ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿಸಿತು.

ಅವಳು ಅಡುಗೆಮನೆಗೆ ಹೋದಳು. ಬಾಣಲೆಯಲ್ಲಿ ಇನ್ನೂ ಕುಟ್ಟದೆ ಉಳಿದಿದ್ದ ಒಂದು ಅರ್ಧ ಚಿಪ್ಪು ಆರಿಸಿದಳು. ಗಂಡನನ್ನೂ ಮಗಳನ್ನೂ ಜಗಲಿಗೆ ಕರೆದಳು.

"ನಾನಿಲ್ಲದಾಗ ಚಿಪ್ಪು ಹಾಕಿದೋರು ನೀವಾ?"

"ಹೌದು. ಗೂಡು ಕಟ್ಟೋ ಹಕ್ಕಿಗೆ ಸುಣ್ಣದಂಶ ಸಾಲದಿದ್ರೆ ಮೊಟ್ಟೆ ಹೊಟ್ಟೇಲೇ ಸಿಕ್ಕಿಕೊಂಡು ಸಾಯ್ತವೆ ಅಂತ ನೀನೇ ಹೇಳಿದ್ದಲ್ಲ?"

"ಹೇಗೆ ಹಾಕಿದ್ರಿ?"

"ಹೇಗೆ ಅಂದ್ರೆ? ಕಾಳು ಹಾಕೋ ಕಿಂಡೀಲಿ."

"ಕುದಿಸಿ? ಪುಡಿ ಮಾಡಿ?"

ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡ. ಶಾಲೆಗೆ ಹೊತ್ತಾಗುತ್ತಿತ್ತು, ಚಿಪ್ಪು ಅಂದರೆ ಚಿಪ್ಪೇ ತಾನೆ, ಪುಡಿ ಮಾಡುವುದು ಗಂಟಲಿಗೆ ಸಿಕ್ಕದಿರಲಿ ಎಂದು ಅಂದುಕೊಂಡಿದ್ದೆ, ಕುಕ್ಕಿ ತಿನ್ನುತ್ತವಲ್ಲ ಎಂದು ಹಾಗೇ ಹಾಕಿದೆ — ಎಂದು ಒಂದೊಂದಾಗಿ ಹೇಳಿದ.

ಅವಳು ಸೆರಗು ಬಿಡಿಸಿ ಕುಂಡದ ಹಿಂದೆ ಸಿಕ್ಕಿದ್ದನ್ನು ತೋರಿಸಿದಳು.

"ಈ ಮನೇಲಿ ಮೊಟ್ಟೆ ಒಡೆದು ಹಳದೀನ ಆ ಅರ್ಧದಿಂದ ಈ ಅರ್ಧಕ್ಕೆ ಸುರಿದು ಬೇರೆ ಮಾಡೋರು ಒಬ್ಬರೇ. ಡಾಕ್ಟ್ರು ಹಳದಿ ಬೇಡ ಅಂದಿದ್ದು ನಿಮಗೆ. ಅದಕ್ಕೇ ಚಿಪ್ಪು ಇಷ್ಟು ಸರಿಯಾಗಿ ಅರ್ಧ ಆಗಿದೆ, ಒಳಗೆ ಹಳದಿ ಹಿಡ್ಕೊಂಡಿದೆ."

"ಇರಬಹುದು. ಅದಕ್ಕೂ ಮೊಟ್ಟೆ ಕಳವಿಗೂ ಏನು ಸಂಬಂಧ?"

ಅವಳು ಹುರಿದ ಅರ್ಧ ಚಿಪ್ಪನ್ನು ಕಿಂಡಿಯಿಂದ ಒಳಗೆ ಇಟ್ಟು ಕೈ ಹಿಂತೆಗೆದಳು.

ಗಂಡು ಹಕ್ಕಿ ಕತ್ತು ಕೊಂಕಿಸಿತು. ಹೊಸ ವಸ್ತು ಕಂಡರೆ ದೂರ ಹಾರುವ ಹಕ್ಕಿ, ನೆಟ್ಟಗೆ ಕೆಳಗಿಳಿದು ಬಂತು. ಅಂಚನ್ನು ಮುಟ್ಟಲಿಲ್ಲ. ತನ್ನದೇ ತಟ್ಟೆ ಎಂಬಂತೆ ಕೊಕ್ಕನ್ನು ಚಿಪ್ಪಿನ ತಳಕ್ಕೇ ಇಳಿಸಿ ಏನನ್ನೋ ಹುಡುಕಿತು. ಏನೂ ಸಿಗದೆ ಚಿಪ್ಪನ್ನು ಬಡಬಡನೆ ಕುಕ್ಕಿತು.

ಇನ್ನೊಂದು ಹಕ್ಕಿ ಇಳಿಯುವ ಮೊದಲೇ ತಾಯಿ ಚಿಪ್ಪನ್ನು ತೆಗೆದುಬಿಟ್ಟಳು.

"ಕಾಯಿಲೆ ಬರದಿರಲಿ ಅಂತ ಕುದಿಸೋದು. ಗುರುತು ಸಿಗದಿರಲಿ ಅಂತ ಪುಡಿ ಮಾಡೋದು. ಬಿಳೀ ಗುಂಡನೆಯ ಚಿಪ್ಪಿನೊಳಗೆ ರುಚಿಯಾದ್ದು ಇರತ್ತೆ ಅಂತ ಹಕ್ಕಿಗೆ ಯಾವತ್ತೂ ಗೊತ್ತಾಗಬಾರದು. ಗೊತ್ತಾದ್ರೆ ತನ್ನ ಗೂಡಿನ ಮೊಟ್ಟೇನೂ ಒಡೆದು ನೋಡತ್ತೆ. ನೀವು ಬಾಗಿಲಿಗೆ ಬೀಗ ಹಾಕಿದಾಗ ಕಳ್ಳ ಒಳಗೇ ಇದ್ದ. ಅವನಿಗೆ ಪಾಠ ಹೇಳಿದ ಮೇಷ್ಟ್ರು ಹೊರಗೆ ನಿಂತು ಬೀಗ ಹಾಕ್ತಿದ್ರು."

ಗಂಡ ಬಲೆಗೆ ಒರಗಿಕೊಂಡ. ಬೇಕೆಂದು ಮಾಡಿದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅದನ್ನೇ ಹೇಳಿದಳು. ಹಕ್ಕಿಯದೂ ತಪ್ಪಲ್ಲ, ಅದನ್ನು ಬೇರೆ ಪಂಜರಕ್ಕೆ ಹಾಕಿ, ಅಲ್ಲಿನ ಗೂಡಿನಲ್ಲಿ ಕೆಲವು ದಿನ ಮೊಟ್ಟೆಯಂಥ ಬಿಳಿಯ ಮಣಿ ಇಟ್ಟರೆ ಕುಕ್ಕಿ ಕುಕ್ಕಿ ಬೇಸತ್ತು ಮರೆಯಲೂಬಹುದು. ಆದರೆ ತಮ್ಮನ ತಪ್ಪಂತೂ ಇದರಲ್ಲಿ ಎಳ್ಳಷ್ಟೂ ಇಲ್ಲ.

"ಇಷ್ಟೆಲ್ಲ ಆಗತ್ತೆ ಅಂತ ನನಗೇನು ಗೊತ್ತಿತ್ತು," ಎಂದ ಗಂಡ. ಕಣ್ಣು ನೆಲದ ಮೇಲಿತ್ತು.

ಒಳಗಿನ ಕೋಣೆಯಲ್ಲಿ ಈಗ ಸದ್ದಿಲ್ಲ. ಕಟ್ಟುವುದು ಮುಗಿದಿತ್ತು. ಇನ್ನು ಬಾಗಿಲು ತೆರೆಯುವುದಷ್ಟೇ ಬಾಕಿ.

ಮೇಷ್ಟ್ರು ಎರಡು ಹೆಜ್ಜೆ ಇಟ್ಟ. ನಿಂತ. ಅಂಗಿಯ ತೋಳು ಎಳೆದುಕೊಂಡ. ಶಾಲೆಗೆ ತಡವಾಯಿತೇನೋ ಎಂಬಂತೆ ಗಡಿಯಾರದ ಕಡೆ ನೋಡಿದ.

ಬೆಳಗಿನಿಂದ ಬಾಯಿ ಬಿಗಿಹಿಡಿದಿದ್ದ ಚಿನಕುರಳಿ ಅವನ ಹತ್ತಿರ ಬಂದಳು. ಹಕ್ಕಿ ತನ್ನ ಮೊಟ್ಟೆಯನ್ನು ತಾನೇ ತಿಂದದ್ದು ಯಾಕೆ ಎಂದು ಕೇಳುತ್ತಾಳೆ, ಏನು ಹೇಳಲಿ ಎಂದು ತಾಯಿ ಮನಸ್ಸಿನಲ್ಲೇ ಮಾತು ಹುಡುಕಿಕೊಂಡಳು. ಹುಡುಗಿ ಅಮ್ಮನ ಕಡೆ ತಿರುಗಲೇ ಇಲ್ಲ. ಅಪ್ಪನ ಕಿರುಬೆರಳು ಹಿಡಿದು ಕೇಳಿದಳು:

"ಅಪ್ಪಾ, ಚಿಕ್ಕಪ್ಪನ ಬಾಗಿಲು ನೀನು ತಟ್ತೀಯಾ, ನಾನು ತಟ್ಲಾ?"