ಹದ್ದಿನಕಲ್ಲಿನ ಬಲಗೋಡೆ

ಹದ್ದಿನಕಲ್ಲು ಎಂಬ ಬಂಡೆಯ ಬಲಗೋಡೆಯನ್ನು ಅಲ್ಲಿಯವರೆಗೆ ಯಾರೂ ಹತ್ತಿಲ್ಲವೆಂಬ ನಂಬಿಕೆಯಿತ್ತು. ಆ ದಿನ ಮಧ್ಯಾಹ್ನದೊಳಗೆ ಅದರ ನೆತ್ತಿ ಮುಟ್ಟಿಯೇ ತೀರಬೇಕೆಂದು ವಿನುತಾ ಹೊರಟಿದ್ದಳು.

ಅವಳು ಕುಮಟಾದ ಹೈಸ್ಕೂಲೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಆ ಗೋಡೆಯಲ್ಲೊಂದು ದಾರಿಯಿದೆ ಎಂದು ಮೂರು ವರ್ಷದ ಹಿಂದೆ ಕಂಡುಹಿಡಿದವಳು ಅವಳೇ. ಹಗ್ಗದಲ್ಲಿ ಜೋತುಬಿದ್ದು ಕಲ್ಲು ಕೊರೆದು, ಹಗ್ಗ ಸಿಕ್ಕಿಸಲು ಕಬ್ಬಿಣದ ಕೊಕ್ಕೆಗಳನ್ನು ಬಡಿದವಳೂ ಅವಳೇ. ಆ ಕೊರೆತದಲ್ಲೇ ಕಳೆದ ಏಪ್ರಿಲ್‌ನಲ್ಲಿ ಬಲ ಮೊಣಕೈಯ ಸ್ನಾಯುರಜ್ಜು ಊದಿಕೊಂಡಿತು. ಬಾಗಿಲ ಚಿಲಕ ತಿರುಗಿಸಿದರೂ ಕಣ್ಣಲ್ಲಿ ನೀರು. ಎಂಟು ತಿಂಗಳು ಅವಳು ಬಂಡೆ ಮುಟ್ಟಲಿಲ್ಲ.

"ಹತ್ತು, ಆದರೆ ಕಾಲಿನಿಂದ ಹತ್ತು," ಎಂದು ಹೊನ್ನಾವರದ ಫಿಸಿಯೋಥೆರಪಿಸ್ಟ್ ದೀಪಾ ಕೊನೆಗೂ ಒಪ್ಪಿದ್ದಳು. "ಕೈಯಲ್ಲಿ ಜೋತಾಡಿದೆಯೋ, ಇನ್ನೊಂದು ವರ್ಷ ಹೋಯ್ತು ಅಂತ ತಿಳ್ಕೊ."

ಜೊತೆಗಿದ್ದವರು ಇಬ್ಬರು. ಭಟ್ಕಳದ ಬ್ಯಾಂಕೊಂದರ ಗುಮಾಸ್ತ ಶಿಶಿರ, ಆರು ವರ್ಷದಿಂದ ಅವಳು ಹತ್ತುವಾಗ ಕೆಳಗೆ ನಿಂತು ಹಗ್ಗ ಹಿಡಿಯುವವನು. "ನಿನ್ನ ಕೈ ಸರಿಯಾಗುವವರೆಗೆ ಆ ಗೋಡೆ ಹಾಗೇ ಇರ್ತದೆ, ಆತಾ?" ಎಂದು ಏಪ್ರಿಲ್‌ನಲ್ಲಿ ಮಾತು ಕೊಟ್ಟವನು. ಇನ್ನೊಬ್ಬ ಕಾಡಂಚಿನ ಊರಿನ ಕುಪ್ಪ, ಜೇನು ಕೀಳುವವನು. ದಾರಿ ತೋರಿಸಲು ಬಂದಿದ್ದ.

ಹಿರೇಗುತ್ತಿಯ ಕಡೆಯ ರಸ್ತೆಯಲ್ಲಿ ಶಿಶಿರನ ಬೈಕು ನಿಲ್ಲಿಸಿ ಎರಡು ತಾಸು ನಡೆದರು. ಡಿಸೆಂಬರ್ ತಿಂಗಳು, ಹಳ್ಳದಲ್ಲಿ ಮೊಣಕಾಲುದ್ದ ನೀರು. ಬಿದಿರ ಮೆಳೆ ದಾಟುತ್ತಿದ್ದಂತೆ ಕಾಡು ತಟ್ಟನೆ ಮುಗಿದು, ಇನ್ನೂರು ಅಡಿಯ ಕಪ್ಪು ಬಂಡೆ ಎದುರಿಗೆ ನಿಂತಿತು. ಅದರ ಹೊಟ್ಟೆ ಮಾತ್ರ ಮುಂದಕ್ಕೆ ಉಬ್ಬಿತ್ತು. ಪಶ್ಚಿಮಕ್ಕೆ ತಿರುಗಿದರೆ ಅಘನಾಶಿನಿ ತದಡಿಯತ್ತ ಅಗಲವಾಗುತ್ತ ಹೋಗುವುದು ಕಾಣುತ್ತಿತ್ತು.

ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ವಿನುತಾ ಹತ್ತತೊಡಗಿದಳು; ಇನ್ನೊಂದನ್ನು ಕೆಳಗೆ ಶಿಶಿರ ಹಿಡಿದಿದ್ದ. ಕಾಲಿಟ್ಟಳು, ನೆಟ್ಟಗೆ ನಿಂತಳು, ಮತ್ತೆ ಕಾಲಿಟ್ಟಳು. ಮೊಣಕೈ ತಕರಾರು ಮಾಡಲಿಲ್ಲ. ತೊಂಬತ್ತು ಅಡಿಯಲ್ಲಿ ಒಂದು ಕಿರಿದಾದ ಕಲ್ಲಿನ ಜಗಲಿ. ಉಬ್ಬಿನ ಬುಡದ ಆ ಜಗಲಿಗೆ ಕೈಯಿಟ್ಟಾಗ ಬೆರಳಿಗೆ ಬಿಳಿ ಪುಡಿ ಮೆತ್ತಿತು.

ಕೈ ಜಾರದಂತೆ ಹತ್ತುವವರು ಹಚ್ಚಿಕೊಳ್ಳುವ ಪುಡಿ ಅದು. ಅವಳಿನ್ನೂ ಹಚ್ಚಿಕೊಂಡಿರಲಿಲ್ಲ.

ತಲೆಯೆತ್ತಿದಳು. ಉಬ್ಬಿನ ತುದಿಯವರೆಗೂ ಬೆರಳಿನ ಬಿಳಿ ಗುರುತುಗಳು. ಮಳೆ ತೊಳೆದಿಲ್ಲದ, ಹೊಸ ಗುರುತುಗಳು. ಮೇಲಿನ ಕೊಕ್ಕೆಯಲ್ಲಿ ಹಗ್ಗ ಸಿಕ್ಕಿಸುವ ಬಟ್ಟೆಯ ಪಟ್ಟಿಯೊಂದು ನೇತಾಡುತ್ತಿತ್ತು. ಅದಕ್ಕೆ ನೀಲಿ ಟೇಪು ಸುತ್ತಿತ್ತು. ತನ್ನ ಸಾಮಾನಿಗೆಲ್ಲ ನೀಲಿ ಟೇಪು ಸುತ್ತುವವನು ಶಿಶಿರ.

"ಇದೆಂತ?" ಎಂದು ಕೂಗಿದಳು.

ಶಿಶಿರ ಕೆಳಗಿನಿಂದ ಕೂಗಿದ. "ನವೆಂಬರಿನಲ್ಲಿ ಗೆಳೆಯನೊಬ್ಬ ಬಂದಿದ್ದ. ಸುಮ್ಮನೆ ನೋಡೋಣ ಅಂತ..."

"ಮೇಲೆ ಮುಟ್ಟಿದ್ಯಾ?"

"ಮುಟ್ಟಿದೆ. ನಿನ್ನ ಕೈ ಸರಿಯಾಗ್ತದೋ ಇಲ್ವೋ ಯಾರಿಗೆ ಗೊತ್ತಿತ್ತು ವಿನುತಾ?"

ಅವಳ ಜೀವ ಆ ಕ್ಷಣ ಅವನ ಕೈಯಲ್ಲಿದ್ದ ಹಗ್ಗದಲ್ಲೇ ಇತ್ತು. ಉಬ್ಬಿಗೆ ನುಗ್ಗಿದಳು.

ಕಾಲು ಮರೆತಳು. ಕೈಯಿಂದ ಎಳೆದಳು. ಒಂದು ಹಿಡಿತ. ಎರಡು. ಮೂರನೆಯದಕ್ಕೆ ಮೊಣಕೈಯಲ್ಲಿ ಕಾದ ತಂತಿ ಎಳೆದಂತಾಯಿತು. ಬೆರಳುಗಳು ತಾವಾಗಿ ಬಿಚ್ಚಿಕೊಂಡವು.

ಬಿದ್ದಳು.

ಹಗ್ಗ ಜಗ್ಗಿ ಹಿಡಿಯಿತು. ಭುಜ ಬಂಡೆಗೆ ಬಡಿಯಿತು. ಕೆಳಗೆ ಶಿಶಿರ ಹಗ್ಗದ ಸೆಳೆತಕ್ಕೆ ಎರಡು ಮಾರು ಮುಂದಕ್ಕೆ ಜಗ್ಗಿಹೋಗಿ ಬಂಡೆಗೆ ಒರಗಿದ್ದ. ಹಗ್ಗ ಮಾತ್ರ ಬಿಟ್ಟಿರಲಿಲ್ಲ.

"ಇಳಿಸ್ಲಾ?"

"ಜಗಲಿವರೆಗೆ ಇಳಿಸು. ಸಾಕು."

ಜಗಲಿಯಲ್ಲಿ ಕೂತು ಮೊಣಕೈ ಒತ್ತಿಕೊಂಡಳು. ಇನ್ನೊಂದು ಸಲ ಉಬ್ಬಿಗೆ ಹೋದರೆ ಈ ಕೈ ಮುಗಿಯಿತು. ಕೆಳಗಿಳಿದರೆ ಎಂಟು ತಿಂಗಳು ಕಾದದ್ದು ಯಾತಕ್ಕೆ?

"ಅಕ್ಕೋರೇ!" ಕುಪ್ಪ ಕೂಗಿದ. "ಎಡಕ್ಕೆ ಒಂದು ಸೀಳು ಅದೆ, ಕಂಡ್ತಾ? ಅದರೊಳಗೆ ಹೊಕ್ಕಿ ಬೆನ್ನು ಕೊಡಿ. ಕೈ ಬ್ಯಾಡ. ನಮ್ಮಜ್ಜ ಜೇನು ಕೀಳೂಕೆ ಅಲ್ಲೇ ಹತ್ತತಿದ್ದ."

ವಿನುತಾಗೆ ನಗು ಬಂತು. ಕಹಿ ನಗು. ಹಾಗಾದರೆ ಈ ಬಂಡೆಯ ನೆತ್ತಿಯನ್ನು ಮೊದಲು ಮುಟ್ಟಿದ್ದು ಅವಳೂ ಅಲ್ಲ, ಶಿಶಿರನೂ ಅಲ್ಲ.

ಸೀಳಿನೊಳಗೆ ಬಾವಲಿಯ ನಾತ. ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದಕ್ಕೆ. ಒತ್ತಿ, ಜಾರಿ, ಮತ್ತೆ ಒತ್ತಿದಳು. ನಡುವೆ ಸಿಕ್ಕಿಕೊಂಡಿದ್ದ ಕಲ್ಲೊಂದಕ್ಕೆ ಪಟ್ಟಿ ಬಿಗಿದು ಹಗ್ಗ ತೂರಿಸಿದಳು. ಅಂಗಿ ಹರಿಯಿತು, ಬೆನ್ನು ತರಚಿತು. ಬಲಗೈಯನ್ನು ಎದೆಗೆ ಅವುಚಿಕೊಂಡೇ ಇದ್ದಳು. ಮುಕ್ಕಾಲು ತಾಸಿನ ಮೇಲೆ ತಲೆ ಬಿಸಿಲಿಗೆ ಬಂತು.

ನೆತ್ತಿಯಲ್ಲಿ ಒಣಹುಲ್ಲು, ಗಾಳಿ, ದೂರದಲ್ಲಿ ಸಮುದ್ರದ ಗೆರೆ. ಕೂಗಬೇಕೆನಿಸಲಿಲ್ಲ. ನೀರು ಕುಡಿದು, ಅಂಚಿನ ಮರಕ್ಕೆ ಹಗ್ಗ ಬಳಸಿ ಇಳಿದು, ಅದನ್ನು ಕೆಳಕ್ಕೆ ಸೆಳೆದುಕೊಂಡಳು.

ಕೆಳಗೆ ಶಿಶಿರನ ಅಂಗೈ ಹಗ್ಗಕ್ಕೆ ಸುಟ್ಟು ಕೆಂಪಾಗಿತ್ತು. ಅವಳು ತನ್ನ ಚೀಲದಿಂದ ಮುಲಾಮು ತೆಗೆದು ಕೊಟ್ಟಳು.

"ನಾನು ಯಾರಿಗೂ ಹೇಳಿಲ್ಲ," ಎಂದ ಅವನು. "ಬಲಗೋಡೆ ಮೊದಲು ಹತ್ತಿದ್ದು ನಿನ್ನ ಹೆಸರಲ್ಲೇ ಇರಲಿ."

"ನಾನು ಹತ್ತದ ಗೋಡೆ ನನಗೆ ಬೇಡ. ನೀನು ನನ್ನ ಹಗ್ಗ ಬಿಡಲಿಲ್ಲ, ಅದನ್ನು ಮರೆಯೋದಿಲ್ಲ. ಮಾತು ಮುರಿದದ್ದನ್ನೂ ಮರೆಯೋದಿಲ್ಲ."

ಮೂವರೂ ರಸ್ತೆಗೆ ಇಳಿದು ಬಂದರು. ಶಿಶಿರ ಬೈಕು ಚಾಲೂ ಮಾಡಿ ಕಾದ. ವಿನುತಾ ಹತ್ತಲಿಲ್ಲ. ಕುಪ್ಪನಿಗೆ ಕೈಮುಗಿದು, ಹಗ್ಗದ ಸುರುಳಿಯನ್ನು ಎಡ ಹೆಗಲಿಗೇರಿಸಿ, ಬರುತ್ತಿದ್ದ ಬಸ್ಸಿಗೆ ಕೈ ಮಾಡಿದಳು.

ಕಿಟಕಿ ಪಕ್ಕ ಕೂತು ಬಲಗೈ ಮಡಿಚಿದಳು, ಬಿಡಿಸಿದಳು. ನೋಯುತ್ತಿತ್ತು, ಆದರೆ ಪೂರ್ತಿ ಮಡಿಚಲು ಬರುತ್ತಿತ್ತು.

"ಎಲ್ಲಿಗೆ? ಎಷ್ಟು ಜನ?" ಕಂಡಕ್ಟರ್ ಕೇಳಿದ.

"ಕುಮಟಾ," ಎಂದಳು ವಿನುತಾ. "ಒಬ್ಬಳೇ."